ಋತು ಮುಗಿದ ಮೇಲೆ ತಂಡ ಬಿಡುವ ಆಟಗಾರರಿಗೆ ಬೇಸ್‌ಬಾಲ್ ಅಭಿಮಾನಿ ವಿದಾಯ ಹೇಳುವುದು ಹೇಗೆ?

ಐಪಿಎಲ್ ಹರಾಜಿನಲ್ಲಿ ನೆಚ್ಚಿನ ಆಟಗಾರರು ಚೆದುರಿಹೋಗುವುದನ್ನು ಕಂಡು ಬೇಸತ್ತಿರುವ ನೀವು, ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಇಂಥ ಅಗಲಿಕೆಯನ್ನು ಹೇಗೆ ತಾಳಿಕೊಳ್ಳುತ್ತಾರೆ, ಹಣಕ್ಕಾಗಿ ಹೊರಟವರ ಮೇಲೆ ಸಿಟ್ಟು ಬರುವುದಿಲ್ಲವೇ, ಅವರ ಹೆಸರಿನ ಜೆರ್ಸಿಯನ್ನು ಆಮೇಲೆ ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ಎಲ್ಲ ಅಭಿಮಾನಿಗಳ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶಕ್ಕೆ ಬಂದು ನೆಲೆಸಿದ ಮೇಲೆ, ಕ್ರಿಕೆಟ್ಟಿನ ಕಣ್ಣಿನಿಂದಲೇ ಈ ಆಟವನ್ನು ಕಲಿತು, ಇಲ್ಲಿನ ಜೈಂಟ್ಸ್ ತಂಡವನ್ನು ಹಚ್ಚಿಕೊಂಡವನು ನಾನು. ಆದ್ದರಿಂದ ಆ ತಂಡದ 2021ರ ಋತುವನ್ನೇ ಹಿಡಿದು ಉತ್ತರಿಸುತ್ತೇನೆ.

ಆ ವರ್ಷ ಜೈಂಟ್ಸ್ 162 ಪಂದ್ಯಗಳಲ್ಲಿ 107ನ್ನು ಗೆದ್ದಿತು. ತಂಡದ ಇತಿಹಾಸದಲ್ಲಿಯೇ ಅದು ಅತಿ ಹೆಚ್ಚು. ಹಳೆಯ ಎದುರಾಳಿಯಾದ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ 106 ಗೆದ್ದು ಎರಡನೆಯ ಸ್ಥಾನಕ್ಕೆ ಇಳಿಯಿತು. ಆದರೆ ಪ್ಲೇ ಆಫ್‌ನಲ್ಲಿ ಇವೆರಡೂ ಮುಖಾಮುಖಿಯಾಗಿ, ಅಕ್ಟೋಬರ್ 14ರ ರಾತ್ರಿ ನಡೆದ ಐದನೆಯ, ನಿರ್ಣಾಯಕ ಪಂದ್ಯದಲ್ಲಿ ನಾವು 2–1ರಿಂದ ಸೋತೆವು. ಕೊನೆಯ ಬ್ಯಾಟರ್ ವಿಲ್ಮರ್ ಫ್ಲೋರೆಸ್ ಬ್ಯಾಟನ್ನು ಅರ್ಧಕ್ಕೇ ತಡೆದು ನಿಲ್ಲಿಸಿದ್ದರೂ, ಬೀಸಿದ್ದಾರೆಂದೇ ಅಂಪೈರ್ ತೀರ್ಪು ಕೊಟ್ಟು ಔಟ್ ಎಂದರು. ಋತು ಅಲ್ಲಿಗೆ ಮುಗಿದುಹೋಯಿತು. ಆ ತೀರ್ಪು ತಪ್ಪೆಂದು ನಾನು ಇಂದಿಗೂ ವಾದಿಸಬಲ್ಲೆ, ಆದರೆ ನಿಮ್ಮ ಪ್ರಶ್ನೆ ಅದಲ್ಲ. ಆ ರಾತ್ರಿ ಮೈದಾನದಿಂದ ಹೊರಗೆ ನಡೆದವರಲ್ಲಿ ಯಾರು ಆ ಸಮವಸ್ತ್ರವನ್ನು ಕೊನೆಯ ಬಾರಿಗೆ ತೊಟ್ಟಿದ್ದಾರೆಂಬುದು ಗ್ಯಾಲರಿಯಲ್ಲಿದ್ದ ನಮಗೆ ತಿಳಿದಿರಲಿಲ್ಲ. ಇಲ್ಲಿ ಬಹುಪಾಲು ಅಗಲಿಕೆಗಳು ಮೈದಾನದಲ್ಲಿ ನಡೆಯುವುದೇ ಇಲ್ಲ; ಚಳಿಗಾಲದಲ್ಲಿ, ಒಂದೊಂದಾಗಿ, ಸುದ್ದಿಯ ರೂಪದಲ್ಲಿ ಬರುತ್ತವೆ. ಚಪ್ಪಾಳೆ ತಟ್ಟಬೇಕಾಗಿದ್ದ ಗಳಿಗೆ ಅಷ್ಟರಲ್ಲಿ ದಾಟಿಹೋಗಿರುತ್ತದೆ.

ಮೊದಲು ಬಂದ ಸುದ್ದಿಯೇ ಎಲ್ಲಕ್ಕಿಂತ ದೊಡ್ಡದು. ನವೆಂಬರ್ 4ರಂದು ಬಸ್ಟರ್ ಪೋಸಿ ನಿವೃತ್ತಿ ಘೋಷಿಸಿದರು. 2010, 2012 ಮತ್ತು 2014ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಋತುವಿನ ಅಂತಿಮ ಪ್ರಶಸ್ತಿ ಸರಣಿ, ಗೆದ್ದ ಮೂರೂ ಜೈಂಟ್ಸ್ ತಂಡಗಳ ಕ್ಯಾಚರ್ ಅವರು. ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಇದ್ದಂತೆ ಎಂದು ಹೊಸಬರಿಗೆ ಹೇಳುವುದುಂಟು. ಆದರೆ ಕೀಪರ್‌ಗೆ ಬೌಲಿಂಗ್ ಯೋಜನೆಯ ಹೊಣೆ ಅಷ್ಟಾಗಿ ಇರುವುದಿಲ್ಲ. ಕ್ಯಾಚರ್ ಮಾತ್ರ ಪ್ರತಿಯೊಂದು ಎಸೆತಕ್ಕೂ ಕುಕ್ಕರಗಾಲಲ್ಲಿ ಕೂತು, ಯಾವ ಎಸೆತ ಬೇಕೆಂದು ಪಿಚರ್‌ಗೆ (ಚೆಂಡು ಎಸೆಯುವವರಿಗೆ) ಸೂಚಿಸುತ್ತ, ಮುಖವಾಡಕ್ಕೆ ಬಡಿಯುವ ಚೆಂಡುಗಳನ್ನು ಸಹಿಸುತ್ತ, ಋತುವಿಡೀ ಅದನ್ನೇ ಮಾಡಬೇಕು. 2011ರ ಮೇ ತಿಂಗಳಲ್ಲಿ ಓಟಗಾರರು ರನ್ ಪೂರೈಸುವ ಹೋಂ ಪ್ಲೇಟಿನ ಬಳಿ ಎದುರಾಳಿ ಓಟಗಾರ ಡಿಕ್ಕಿ ಹೊಡೆದಾಗ ಪೋಸಿಯ ಕಾಲಿನ ಮೂಳೆ ಮುರಿದು, ಪಾದದ ಗಂಟಿನ ಅಸ್ಥಿರಜ್ಜುಗಳು ಹರಿದವು. ಮರುವರ್ಷವೇ ಅವರು .336 ಸರಾಸರಿಯೊಂದಿಗೆ (ಸಾವಿರ ಬ್ಯಾಟಿಂಗ್ ಸರದಿಗೆ 336 ಸಫಲ ಹೊಡೆತಗಳ ಲೆಕ್ಕ) ಲೀಗಿನ ಶ್ರೇಷ್ಠ ಆಟಗಾರರಾದರು. ಅಂಥ ಡಿಕ್ಕಿಗಳನ್ನು ತಡೆಯುವ ನಿಯಮ 2014ರಲ್ಲಿ ಬಂದುದರ ಹಿಂದೆ ಅವರ ಗಾಯದ ನೆನಪೂ ಇತ್ತು. 2021ರಲ್ಲಿ .304ರ ಸರಾಸರಿಯಲ್ಲಿ ಆಡಿ, ಇನ್ನೊಂದು ವರ್ಷಕ್ಕೆ 2.2 ಕೋಟಿ ಡಾಲರ್ ದೊರೆಯುವ ಅವಕಾಶ ಒಪ್ಪಂದದಲ್ಲಿ ಇದ್ದರೂ, ದೇಹದ ನೋವಿನಿಂದಾಗಿ ಆಟದ ಸಂತೋಷ ಕುಗ್ಗಿದೆ, ಕುಟುಂಬಕ್ಕೆ ಸಮಯ ಬೇಕು ಎಂದು 34ನೆಯ ವಯಸ್ಸಿಗೇ ಅವರು ನಿಲ್ಲಿಸಿದರು. ಅದೇ ತಿಂಗಳ 19ರಂದು ಎಬಿ ಡಿವಿಲಿಯರ್ಸ್ ಕೂಡ ಎಲ್ಲ ಬಗೆಯ ಕ್ರಿಕೆಟ್ಟಿಗೆ ವಿದಾಯ ಹೇಳಿದ್ದರಿಂದ, ಆರ್‌ಸಿಬಿಯನ್ನೂ ಜೈಂಟ್ಸನ್ನೂ ಒಟ್ಟಿಗೆ ಹಚ್ಚಿಕೊಂಡಿದ್ದ ನನ್ನಂಥವರಿಗೆ ಆ ನವೆಂಬರ್ ಹೇಗಿತ್ತೆಂದು ನೀವೇ ಊಹಿಸಬಹುದು.

ಆದರೂ ನಿವೃತ್ತಿಯಾಗುವವರಿಗೆ ವಿದಾಯ ಹೇಳುವುದು ಸುಲಭ. ಅವರು ಎದುರಾಳಿಯ ಅಂಗಿ ತೊಟ್ಟು ಮುಂದೆ ಬಂದು ನಿಲ್ಲುವುದಿಲ್ಲ. ಕ್ಲಬ್ಬು ಸಮಾರಂಭ ಏರ್ಪಡಿಸುತ್ತದೆ, ನಾವು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ. ನಿಮ್ಮ ಪ್ರಶ್ನೆಯ ನಿಜವಾದ ಮುಳ್ಳು ಕೆವಿನ್ ಗಾಸ್ಮನ್ ಅವರಂಥವರ ವಿಷಯದಲ್ಲಿದೆ. ಆ ಋತುವಿನಲ್ಲಿ 14 ಪಂದ್ಯ ಗೆಲ್ಲಿಸಿಕೊಟ್ಟ ಈ ಪಿಚರ್, ಅದು ಮುಗಿದೊಡನೆ ಐದು ವರ್ಷಕ್ಕೆ 11 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ಟೊರಾಂಟೊದ ಬ್ಲೂ ಜೇಸ್ ಸೇರಿದರು. ನನಗೆ ಸಿಟ್ಟು ಬರಲಿಲ್ಲ. 2019ರಲ್ಲಿ ಅಟ್ಲಾಂಟಾ ತಂಡ ಅವರನ್ನು ಋತುವಿನ ನಡುವೆಯೇ ಕೈಬಿಟ್ಟಿತ್ತು. ಎತ್ತಿಕೊಂಡ ಸಿನ್ಸಿನಾಟಿಯೂ ವರ್ಷಾಂತ್ಯದಲ್ಲಿ ಬೇಡವೆಂದಿತ್ತು. ಕ್ಲಬ್ಬುಗಳು ಹಾಗೆ ಲೆಕ್ಕ ಹಾಕಿದರೆ ಅದನ್ನು ವ್ಯವಹಾರ ಎನ್ನುವ ನಾವು, ಆಟಗಾರ ಅದೇ ಲೆಕ್ಕ ಹಾಕಿದಾಗ ಮಾತ್ರ ದ್ರೋಹ ಎನ್ನುವುದು ನ್ಯಾಯವಲ್ಲ. ಈ ಸ್ವಾತಂತ್ರ್ಯ ಸುಮ್ಮನೆ ಬಂದುದೂ ಅಲ್ಲ. ಒಪ್ಪಂದ ಮುಗಿದರೂ ಆಟಗಾರನನ್ನು ಕ್ಲಬ್ಬಿಗೇ ಕಟ್ಟಿಹಾಕುವ ಷರತ್ತು ಹಿಂದೆ ಇತ್ತು. 1969ರಲ್ಲಿ ಸೇಂಟ್ ಲೂಯಿಸ್ ತಂಡ ತನ್ನನ್ನು ಫಿಲಡೆಲ್ಫಿಯಾಕ್ಕೆ ವರ್ಗಾಯಿಸಿದಾಗ ಹೋಗಲೊಪ್ಪದ ಕರ್ಟ್ ಫ್ಲಡ್ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1972ರಲ್ಲಿ ಸೋತರು. 1975ರ ಡಿಸೆಂಬರಿನಲ್ಲಿ ಬೇರಿಬ್ಬರು ಪಿಚರ್‌ಗಳ ಪ್ರಕರಣದಲ್ಲಿ ಮಧ್ಯಸ್ಥಗಾರರು ಕೊಟ್ಟ ತೀರ್ಪಿನಿಂದ ಆ ಷರತ್ತು ಸಡಿಲವಾಯಿತು. ಈಗ ಆರು ವರ್ಷ ಅಗ್ರ ಹಂತವಾದ ಮೇಜರ್ ಲೀಗಿನಲ್ಲಿ ಆಡಿದವರು, ಒಪ್ಪಂದ ಮುಗಿದ ಬಳಿಕ ಇಷ್ಟಬಂದ ತಂಡ ಸೇರಬಹುದು. ಹರಾಜಿನಲ್ಲಿ ಯಾವ ಊರಿಗೆ ಹೋಗಬೇಕೆಂದು ನಿರ್ಧರಿಸುವ ಹಕ್ಕು ಆಟಗಾರನಿಗಿಲ್ಲದ ಐಪಿಎಲ್‌ಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ. ಸಿಟ್ಟಾಗಲೇಬೇಕೆಂದಿದ್ದರೆ, ಅಷ್ಟು ಹಣ ಇದ್ದೂ ಅವರನ್ನು ಉಳಿಸಿಕೊಳ್ಳದ ಕ್ಲಬ್ಬಿನ ಮೇಲೆ ಆಗಬಹುದು. ಮರುವರ್ಷ ನಮ್ಮ ತಂಡ 81 ಗೆದ್ದು 81 ಸೋತಿತು.

ಗಾಸ್ಮನ್ ಅವರನ್ನು ನೆನೆದಾಗ ನನಗೆ ಅವರ ಪಿಚಿಂಗಿಗಿಂತ ಮೊದಲು ಹೊಳೆಯುವುದು ಸೆಪ್ಟೆಂಬರ್ 17ರ ಪಂದ್ಯ. ಹನ್ನೊಂದನೆಯ ಇನ್ನಿಂಗ್ಸಿನ ಹೊತ್ತಿಗೆ ಬದಲಿ ಬ್ಯಾಟರ್‌ಗಳೆಲ್ಲ ಖರ್ಚಾಗಿ, ಅಟ್ಲಾಂಟಾ ವಿರುದ್ಧ ಇವರ ಕೈಗೇ ಬ್ಯಾಟು ಕೊಡಬೇಕಾಯಿತು. ಇವರು ಹೊಡೆದ ಎತ್ತರದ ಚೆಂಡು ಕ್ಯಾಚಾಯಿತು, ಆದರೆ ಬೇಸ್‌ಬಾಲಿನಲ್ಲಿ ಕ್ಯಾಚ್ ಹಿಡಿದ ಮೇಲೂ ಓಡಬಹುದಾದ್ದರಿಂದ ಮೂರನೆಯ ಬೇಸಿನಲ್ಲಿದ್ದವರು ಓಡಿಬಂದು ಗೆಲುವಿನ ರನ್ ಗಳಿಸಿದರು. 2022ರಿಂದ ಎಲ್ಲ ತಂಡಗಳಲ್ಲಿಯೂ ಪಿಚರ್ ಬದಲಿಗೆ ಬೇರೊಬ್ಬರು ಬ್ಯಾಟ್ ಮಾಡುವ ನಿಯಮ ಬಂದಿತು. ಹೀಗೆ ಆ ಋತುವಿನೊಂದಿಗೆ ಹೊರಟದ್ದು ಆಟಗಾರರಷ್ಟೇ ಅಲ್ಲ.

ಉಳಿದವರಿಗೆ ಸಿಕ್ಕ ವಿದಾಯ ಇನ್ನೂ ಕಡಿಮೆ. ಎಸೆಯುವ ಮುನ್ನ ಬ್ಯಾಟರ್‌ಗೆ ಬೆನ್ನು ತಿರುಗಿಸಿ, ಭುಜ ಕುಣಿಸಿ ನಗಿಸುತ್ತಿದ್ದ ಜಾನಿ ಕ್ವೇಟೊ ಷಿಕಾಗೊಗೆ ಹೋದರು. ಡೊನೊವನ್ ಸೊಲಾನೊ ಸಿನ್ಸಿನಾಟಿಗೆ. ಜುಲೈ ಕೊನೆಯಲ್ಲಿ ಬಂದಿದ್ದ ಕ್ರಿಸ್ ಬ್ರಯಂಟ್ ಕೊಲರಾಡೊಗೆ. ಡಿಸೆಂಬರ್ 2ರಿಂದ ಮಾರ್ಚ್ 10ರವರೆಗೆ ಮಾಲೀಕರು ಲಾಕ್‌ಔಟ್ ಘೋಷಿಸಿದ್ದರಿಂದ ವರ್ಗಾವಣೆಗಳೂ ಒಪ್ಪಂದಗಳೂ ನಿಂತುಹೋಗಿದ್ದವು. ಲೀಗಿನ ಅಧಿಕೃತ ಜಾಲತಾಣದಲ್ಲಿ ಆಟಗಾರರ ಭಾವಚಿತ್ರಗಳನ್ನು ತೆಗೆದು ಬರಿಯ ನೆರಳಿನ ಆಕೃತಿಗಳನ್ನು ಇಟ್ಟಿದ್ದರು. ವಿದಾಯದ ನಾಲ್ಕು ಸಾಲು ಬರೆಯಲು ಕೂತ ಅಭಿಮಾನಿಗೆ ಮುಖ ನೋಡುವ ಭಾಗ್ಯವೂ ಇರಲಿಲ್ಲ. ನನ್ನ ಮಟ್ಟಿಗೆ ವಿದಾಯವೆಂದರೆ ಇಂಥವರಿಗಾಗಿ ಕೂತು ನೆನಪಿಸಿಕೊಳ್ಳುವುದು: ಯಾವ ಪಂದ್ಯ, ಯಾವ ಇನ್ನಿಂಗ್ಸು, ಏನು ಮಾಡಿದರು ಎಂದು ಹೆಸರು ಹಿಡಿದು ಹೇಳುವುದು. ಪೋಸಿಯನ್ನು ಊರೆಲ್ಲ ನೆನೆಯುತ್ತದೆ, ಸೊಲಾನೊ ಅವರನ್ನು ಯಾರಾದರೂ ನೆನೆಯಬೇಕು.

ಇನ್ನು ಜೆರ್ಸಿಯ ಮಾತು. ನನ್ನ ಬಳಿ ಗಾಸ್ಮನ್ ಅವರ 34ನೆಯ ಸಂಖ್ಯೆಯದು ಇದೆ, ಈಗಲೂ ಅದನ್ನೇ ತೊಟ್ಟು ನಮ್ಮ ತವರು ಮೈದಾನವಾದ ಒರಾಕಲ್ ಪಾರ್ಕಿಗೆ ಹೋಗುತ್ತೇನೆ. ಅಲ್ಲಿ ಎಂದೋ ತಂಡ ಬಿಟ್ಟ ಪಿಚರ್‌ಗಳಾದ ಲಿನ್ಸೆಕಮ್ ಅವರ 55, ಬಮ್‌ಗಾರ್ನರ್ ಅವರ 40 ಇಂದಿಗೂ ಓಡಾಡುತ್ತಿರುತ್ತವೆ, ಯಾರೂ ಹುಬ್ಬೇರಿಸುವುದಿಲ್ಲ. 2025ರ ವರ್ಲ್ಡ್ ಸೀರೀಸಿನಲ್ಲಿ ಗಾಸ್ಮನ್ ಟೊರಾಂಟೊ ಪರವಾಗಿ ಅದೇ ಡಾಡ್ಜರ್ಸ್ ಎದುರು ನಿಂತಾಗ, ಮನೆಯಲ್ಲಿಯೂ ಅದನ್ನೇ ಹಾಕಿಕೊಂಡು ಕೂತಿದ್ದೆ. 2021ರಲ್ಲಿ ಡಾಡ್ಜರ್ಸ್ ಪರ ಬಂದು ನಮ್ಮ ಕೊನೆಯ ಬ್ಯಾಟರನ್ನು ಔಟ್ ಮಾಡಿದ್ದ ಮ್ಯಾಕ್ಸ್ ಶೆರ್ಜರ್ ಆಗ ಗಾಸ್ಮನ್ ಅವರ ಜೊತೆಗಾರರಾಗಿದ್ದುದರಿಂದ, ಅವರಿಗೂ ಜೈಕಾರ ಹಾಕಬೇಕಾಯಿತು. ಆ ಸರಣಿಯಲ್ಲಿ ಗಾಸ್ಮನ್ ತಾವು ಆರಂಭಿಸಿದ ಎರಡೂ ಪಂದ್ಯಗಳನ್ನು ಸೋತರು. ಸರಣಿಯನ್ನು ಡಾಡ್ಜರ್ಸ್ ಏಳನೆಯ ಪಂದ್ಯದಲ್ಲಿ ಗೆದ್ದಿತು.