ಪೋಸ್ಟ್ ತೆಗೆಸುವ ದಾರಿ ಯಾವುದು?

ಜಾಲತಾಣಗಳಲ್ಲಿ ಹರಡುವ ಉಗ್ರವಾದದ ಪೋಸ್ಟು, ವಿಡಿಯೊಗಳ ಕಾನೂನಿನ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಒಂದು ಸಮುದಾಯದವರನ್ನು ಕೊಚ್ಚಿ ಹಾಕಿ ಎಂದು ಕರೆ ಕೊಡುವ ವಿಡಿಯೊ ಕಂಡೆ. ‘ರಿಪೋರ್ಟ್’ ಒತ್ತಿದರೂ ತೆಗೆಯಲಿಲ್ಲ. ದೆಹಲಿಗೆ ನೇರ ದೂರು ಕೊಡಬಹುದೇ? (ಓದುಗರು, ಪುತ್ತೂರು)

ಉತ್ತರ: ಆಗದು. ಜಾಲತಾಣದ ಪೋಸ್ಟು, ಪುಟಗಳನ್ನು ಸರ್ಕಾರ ನಿರ್ಬಂಧಿಸುವ ಬಗೆ ಹೇಳುವ 2009ರ ಬ್ಲಾಕಿಂಗ್ ನಿಯಮಗಳಂತೆ ಕೇಂದ್ರದ ನಿಯೋಜಿತ ಅಧಿಕಾರಿ ಖಾಸಗಿ ವ್ಯಕ್ತಿಗಳ ದೂರನ್ನು ನೇರ ಸ್ವೀಕರಿಸುವಂತಿಲ್ಲ. ದೂರು ಸಂಬಂಧಪಟ್ಟ ಸರ್ಕಾರಿ ಇಲಾಖೆಯ ನೋಡಲ್ ಅಧಿಕಾರಿಯ (ಈ ಕೆಲಸಕ್ಕೆ ಗೊತ್ತುಮಾಡಿದವರ) ಮೂಲಕ ಹೋಗಬೇಕು. ರಾಜ್ಯದಿಂದಾದರೆ ಮುಖ್ಯ ಕಾರ್ಯದರ್ಶಿಯ ಒಪ್ಪಿಗೆ ಬೇಕು.

‘ರಿಪೋರ್ಟ್’ ಗುಂಡಿ ನಡೆಯುವುದು ಕಂಪನಿಯ ಸ್ವಂತ ನಿಯಮದ ಮೇಲೆ. ಅದರ ಬದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳಡಿ ಅವರು 24 ಗಂಟೆಯೊಳಗೆ ಸ್ವೀಕೃತಿ ಕೊಡಲೇಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ, ಅದು ಕೈಸೇರಿದ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಕೊಲ್ಲುವ ಕರೆ ಅಂದಮೇಲೆ ಪೊಲೀಸರಿಗೂ ತಿಳಿಸಿ: ತುರ್ತಾದರೆ 112, ಇಲ್ಲವಾದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ. 1930ಕ್ಕೆ ಕರೆ ಮಾಡಬೇಡಿ, ಅದು ಹಣ ಕಳೆದುಕೊಂಡವರಿಗೆ.

ದೂರು ಬಿದ್ದುಹೋಗುವುದು ಹೆಚ್ಚಾಗಿ ಲಿಂಕಿನಲ್ಲಿ. ಖಾತೆಯ ಲಿಂಕ್ ಅಲ್ಲ, ಆ ಪೋಸ್ಟಿನದೇ ಯುಆರ್‌ಎಲ್ ಕೊಡಿ. ಖಾತೆಯ ಹೆಸರನ್ನು ನಾಳೆ ಬದಲಿಸಬಹುದು. ದಿನಾಂಕ, ಸಮಯ, ಆ ಮಾತು ವಿಡಿಯೊದ ಎಷ್ಟನೇ ನಿಮಿಷದಲ್ಲಿ ಬರುತ್ತದೆ ಎಂಬುದನ್ನೂ ಬರೆಯಿರಿ. ‘ನೋಡಿ ಎಂಥಾ ಕೇಡು’ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದಿರೋ, ಹರಡಿದವರ ಪಟ್ಟಿಯಲ್ಲಿ ನಿಮ್ಮ ಹೆಸರೂ ಸೇರಬಹುದು.

ಪ್ರಶ್ನೆ: ಐಟಿ ಕಾಯ್ದೆಯ 69ಎ ಮತ್ತು 79(3)(ಬಿ) ಎರಡೂ ತೆಗೆಸುವ ಕಲಮುಗಳೇ ಅಲ್ಲವೇ? (ಕಾನೂನು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಪರಿಣಾಮ ಒಂದೇ ರೀತಿ ಕಾಣುತ್ತದೆ, ಬೇರು ಬೇರೆ. 69ಎ ನೇರವಾಗಿ ನಿರ್ಬಂಧಿಸುವ ಅಧಿಕಾರ. ದೇಶದ ಸಾರ್ವಭೌಮತೆ, ರಕ್ಷಣೆ, ಸಾರ್ವಜನಿಕ ಸುವ್ಯವಸ್ಥೆಯಂಥ ಎಣಿಸಿಟ್ಟ ಕಾರಣಗಳಿಗೆ ಮಾತ್ರ; ಮಾನಹಾನಿ ಅದರಲ್ಲಿಲ್ಲ. ಅಧಿಕಾರಿಗಳ ಸಮಿತಿ ಕೂರಬೇಕು, ಪೋಸ್ಟ್ ಹಾಕಿದವರ ಅಥವಾ ಕಂಪನಿಯ ಉತ್ತರಕ್ಕೆ ಕನಿಷ್ಠ 48 ಗಂಟೆ ಕೊಡಬೇಕು, ಕಾರಣ ಬರೆದಿಡಬೇಕು. ತುರ್ತು ಆದೇಶವಾದರೆ 48 ಗಂಟೆಯೊಳಗೆ ಅದನ್ನು ಸಮಿತಿಯ ಮುಂದಿಡಬೇಕು. ಪಾಲಿಸದ ಕಂಪನಿಯವರಿಗೆ 7 ವರ್ಷದವರೆಗೆ ಜೈಲು. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆನ್ನುತ್ತಿದ್ದ 66ಎ ಕಲಮನ್ನು ಹೊಡೆದುಹಾಕಿಯೂ 69ಎ ಅನ್ನು ಉಳಿಸಿದ್ದು ಈ ಬೇಲಿಗಳನ್ನು ನೋಡಿ.

79(3)(ಬಿ) ಹಾಗಲ್ಲ. ಬಳಕೆದಾರ ಹಾಕಿದ್ದಕ್ಕೆ ಕಂಪನಿ ಹೊಣೆಯಲ್ಲ ಎಂಬ ರಕ್ಷೆ 79ರಲ್ಲಿದೆ. ಸರ್ಕಾರದ ಸೂಚನೆ ಬಂದ ಮೇಲೂ ತೆಗೆಯದಿದ್ದರೆ ಆ ರಕ್ಷೆ ಹೋಗುತ್ತದೆ. ಇಂಥ ಸೂಚನೆಗಳನ್ನು ಕಳಿಸುವ ‘ಸಹಯೋಗ್’ ಪೋರ್ಟಲನ್ನು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿತು. ಅದೇ ವರ್ಷದ ನವೆಂಬರ್ 15ರಿಂದ, ಕೇಂದ್ರದಲ್ಲಿ ಜಂಟಿ ಕಾರ್ಯದರ್ಶಿ, ಪೊಲೀಸಿನಲ್ಲಿ ಡಿಐಜಿ ದರ್ಜೆಗಿಂತ ಕೆಳಗಿನವರು ಸೂಚನೆ ಕೊಡುವಂತಿಲ್ಲ.

ಆದರೆ 36 ಗಂಟೆಯಿದ್ದ ತೆಗೆಯುವ ಗಡುವು 2026ರ ಫೆಬ್ರವರಿಯಲ್ಲಿ 3 ಗಂಟೆಗೆ ಇಳಿದಿದೆ. ಇದು ನಮಗೆ ಸರಿ ಕಾಣುವುದಿಲ್ಲ. ಕೊಲೆಯ ನೇರಪ್ರಸಾರಕ್ಕೆ 3 ಗಂಟೆಯೇ ಹೆಚ್ಚಾಯಿತು. ಕನ್ನಡದ ಒಂದು ವ್ಯಂಗ್ಯವನ್ನು ಓದಿ ತೂಗಿ ನೋಡಲು ಸಾಲದು. ಅನುಮಾನ ಬಂದರೆ ಕಂಪನಿ ಅಳಿಸಿ ಕೈತೊಳೆದುಕೊಳ್ಳುತ್ತದೆ.

ಪ್ರಶ್ನೆ: ತೆಗೆದ ವಿಡಿಯೊ ಮತ್ತೆ ಮತ್ತೆ ಬರುತ್ತದಲ್ಲ, ಯಾಕೆ? (ಓದುಗರು, ಹೊಸಪೇಟೆ)

ಉತ್ತರ: ಕಂಪನಿಗಳು ಕಡತದ ‘ಹ್ಯಾಶ್’, ಅಂದರೆ ಅಂಕಿಗಳ ಬೆರಳಚ್ಚು, ಹಿಡಿದು ಹುಡುಕುತ್ತವೆ. ಸಾದಾ ಹ್ಯಾಶ್ ಒಂದು ಬಿಟ್ ಬದಲಾದರೂ ಪೂರ್ತಿ ಬದಲಾಗುತ್ತದೆ. ಚಿತ್ರದ ಹೋಲಿಕೆ ನೋಡುವ ಹ್ಯಾಶ್ ಸ್ವಲ್ಪ ತಡೆದುಕೊಳ್ಳುತ್ತದೆ. ಅಂಚು ಕತ್ತರಿಸಿ, ತಿರುಗಿಸಿ, ಟಿವಿ ಪರದೆಯನ್ನೇ ಮೊಬೈಲಿನಲ್ಲಿ ಹಿಡಿದರೆ ಅದೂ ಸೋಲುತ್ತದೆ. 2019ರ ಮಾರ್ಚ್ 15ರ ಕ್ರೈಸ್ಟ್‌ಚರ್ಚ್ ಮಸೀದಿ ಹತ್ಯಾಕಾಂಡದ ನೇರಪ್ರಸಾರ ಸುಮಾರು 17 ನಿಮಿಷದ್ದು. ಮೊದಲ 24 ಗಂಟೆಯಲ್ಲಿ ತಾನು 15 ಲಕ್ಷ ಪ್ರತಿ ತೆಗೆದೆನೆಂದು ಫೇಸ್‌ಬುಕ್ ಹೇಳಿತು. ಅದರಲ್ಲಿ 12 ಲಕ್ಷವನ್ನು ಏರಿಸುವಾಗಲೇ ತಡೆದಿತ್ತು. ಉಳಿದ 3 ಲಕ್ಷ ಜಾಲತಾಣ ಹೊಕ್ಕಿದ್ದವು. ಭಯೋತ್ಪಾದನೆಯ ಸಾಮಗ್ರಿ ತೆಗೆಯಲು 1 ಗಂಟೆ ಮಾತ್ರ ಕೊಡುವ ಐರೋಪ್ಯ ಒಕ್ಕೂಟದ ಕಾನೂನು 2022ರ ಜೂನ್ 7ರಿಂದ ಜಾರಿಯಲ್ಲಿದೆ.

ಪ್ರಶ್ನೆ: ನನ್ನ ಪೋಸ್ಟನ್ನೇ ಭಾರತದಲ್ಲಿ ತಡೆಹಿಡಿದಿದ್ದಾರೆ. ಕಾರಣ ತಿಳಿಯುವುದು ಹೇಗೆ? (ಓದುಗರು, ಬೆಂಗಳೂರು)

ಉತ್ತರ: ಯಾವ ಕಲಮಿನಡಿ, ಯಾವ ದಿನಾಂಕದ ಆದೇಶ ಎಂದು ಕಂಪನಿಗೆ ಲಿಖಿತವಾಗಿ ಕೇಳಿ. 69ಎ ಆದೇಶವಾದರೆ 2009ರ ಬ್ಲಾಕಿಂಗ್ ನಿಯಮಗಳ ನಿಯಮ 16ರ ಗೋಪ್ಯತೆಯನ್ನು ಮುಂದೊಡ್ಡಿ ಪ್ರತಿ ಕೊಡದೇ ಇರಬಹುದು. ಆ ನಿರಾಕರಣೆಯ ಇಮೇಲ್ ಜೋಪಾನವಾಗಿಡಿ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುವಾಗ ನಿಮ್ಮ ವಕೀಲರು ಮೊದಲು ಕೇಳುವುದು ಅದನ್ನೇ.