ಬಿಸಿಲಲ್ಲಿ ಮಾತ್ರ ಎಸಿ ಕೈಕೊಡುತ್ತಿದೆಯಾ? ಸನ್ ಸೆನ್ಸರ್ ಕೊಳ್ಳುವ ಮುಂಚೆ ಕಾರನ್ನು ಶೆಡ್ಡಿನಿಂದ ಹೊರಗೆ ತನ್ನಿ

ನೀವು ಕೇಳಿರೋದು ಇಷ್ಟು: ಆಟೋ ಮೋಡಲ್ಲಿ 24ಕ್ಕೆ ಇಟ್ಟರೆ ರಾತ್ರಿ ಎಸಿ ಚೆನ್ನಾಗಿರುತ್ತೆ, ಮಧ್ಯಾಹ್ನ ಮಾತ್ರ ಫ್ಯಾನ್ ಬೇಗ ತಗ್ಗಿ ಮೈ ಸುಡೋಕೆ ಶುರುವಾಗುತ್ತೆ, ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದಾಗ ಸನ್ ಸೆನ್ಸರ್ (ಬಿಸಿಲು ಎಷ್ಟಿದೆ ಅಂತ ಅಳೆಯೋದು) ಕೆಟ್ಟಿದೆ ಅನ್ನೋ ಕೋಡ್ ಬಂತು, ಬದಲಿಸಬೇಕಾ ಅಂತ. ಇನ್ನೂ ದುಡ್ಡು ಕೊಟ್ಟಿಲ್ಲ ಅಂದ್ರೆ ಕೊಡಬೇಡಿ. ಸ್ಕ್ಯಾನರ್ ಹಾಕಿದ್ದು ಎಲ್ಲಿ, ಶೆಡ್ಡಿನ ಒಳಗಾ?

ಯಾಕೆ ಕೇಳ್ತಿದ್ದೀನಿ ಅಂದ್ರೆ ನಾನು ಮೋಸ ಹೋಗಿದ್ದು ಅಲ್ಲೇ. ನಾನಿರೋದು ಕಲಬುರಗಿಯಲ್ಲಿ, ಕೆಲಸದ ಮೇಲೆ ವಾರಕ್ಕೆ ಎರಡು ಸಲ ಸೇಡಂಗೆ ಹೋಗ್ತೀನಿ. ಬೆಳಿಗ್ಗೆ ಹೋಗುವಾಗ ಸೂರ್ಯ ನೇರ ಮುಖಕ್ಕೆ, ಸಂಜೆ ವಾಪಸ್ ಬರುವಾಗ ಮತ್ತೆ ಮುಖಕ್ಕೆ. ಮೇ ತಿಂಗಳಲ್ಲಿ ಎಸಿ ಸೋತಿತು. ಮೊದಲ ಮೆಕ್ಯಾನಿಕ್ "ಗ್ಯಾಸ್ ಕಮ್ಮಿ ಅದ ಸಾರ್" ಅಂದ. ತುಂಬಿಸಿದೆ, ಏನೂ ಬದಲಾಗಲಿಲ್ಲ. ಎರಡನೆಯವನು ತಗಡಿನ ಶೆಡ್ಡಲ್ಲಿ ಸ್ಕ್ಯಾನರ್ ಹಾಕಿ ಸೆನ್ಸರ್ ಹೋಗಿದೆ ಅಂದ. ಹೊಸದು ತರಿಸಿ ಹಾಕಿದ ಮೇಲೂ ಅದೇ ಶೆಡ್ಡಲ್ಲಿ ಅದೇ ಕೋಡ್!

ವಿಷಯ ಸಿಂಪಲ್. ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಬುಡದಲ್ಲಿ, ಗುಂಡಿಯಷ್ಟು ದೊಡ್ಡ ಕಪ್ಪು ಗುಬುಟು ಇರುತ್ತಲ್ಲ, ಅದರೊಳಗೆ ಒಂದು ಫೋಟೋ ಡಯೋಡ್ ಇದೆ. ಬೆಳಕು ಬಿದ್ದರೆ ಕರೆಂಟ್ ಹರಿಯುತ್ತೆ, ಅದನ್ನು ನೋಡಿ ಬಿಸಿಲು ಜೋರಾಗಿದೆ ಅಂತ ಆಟೋ ಎಸಿ ತಂಪು ಹೆಚ್ಚಿಸುತ್ತೆ. ಕತ್ತಲಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ, ಆಗ ಕೆಲವು ಕಾರಿನ ಕಂಪ್ಯೂಟರ್ ವೈರ್ ಕಟ್ಟಾಗಿದೆ ಅಂದುಕೊಂಡು ಕೋಡ್ ಬರೆದುಬಿಡುತ್ತೆ. ಟೊಯೋಟಾದ ಸರ್ವಿಸ್ ಮ್ಯಾನುಯಲ್ಲಲ್ಲೇ ಕತ್ತಲ ಜಾಗದಲ್ಲಿ ಈ ಕೋಡ್ ಬರಬಹುದು ಅಂತ ಬರೆದಿದ್ದಾರೆ. ಮೊಬೈಲ್ ಟಾರ್ಚ್ ಹಿಡಿದು ನೋಡ್ತೀನಿ ಅಂದ್ರೆ ಅದೂ ನಂಬೋ ಹಾಗಿಲ್ಲ. ಈ ಡಯೋಡಿಗೆ ಇನ್‌ಫ್ರಾರೆಡ್ ಬೇಕು, ಎಲ್‌ಇಡಿಯಲ್ಲಿ ಅದು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಹಳೇ ಕಾಲದ 60 ವ್ಯಾಟಿನ ಹಳದಿ ಬಲ್ಬು ಆಗುತ್ತೆ. ಆದರೆ ನಮ್ಮೂರಲ್ಲಿ ಬಿಸಿಲಿಗೇನು ಬರ, ಬಲ್ಬ್ ಯಾಕೆ ಹುಡುಕಬೇಕು?

ಹೀಗೆ ಮಾಡಿ. ಮೊದಲು ಟೆಂಪರೇಚರನ್ನು ಪೂರ್ತಿ ಕೆಳಗೆ, "ಲೋ"ಗೆ ಇಳಿಸಿ. ಅಲ್ಲಿ ಬಹಳಷ್ಟು ಕಾರುಗಳು ಸೆನ್ಸರ್ ಮಾತು ಕೇಳದೆ ಇರೋ ಅಷ್ಟೂ ತಂಪು ಬಿಡುತ್ತವೆ. ಆಗಲೂ ಗಾಳಿ ಬೆಚ್ಚಗಿದ್ದರೆ ಗ್ಯಾಸೋ ಕಂಪ್ರೆಸರ್ರೋ ನೋಡಿಸಿ, ಸೆನ್ಸರ್ ಮರೆತುಬಿಡಿ. ಕೈ ಮರಗಟ್ಟೋಷ್ಟು ತಣ್ಣಗಿದ್ದರೆ ಮುಂದೆ ಓದಿ.

ಮಧ್ಯಾಹ್ನ 12ರ ಹೊತ್ತಿಗೆ ಕಾರನ್ನು ಬಯಲಲ್ಲಿ ನಿಲ್ಲಿಸಿ, ಗುಬುಟಿನ ಮೇಲೆ ಬಿಸಿಲು ಬೀಳೋ ಹಾಗೆ. ಇಂಜಿನ್ ಆನ್, ಆಟೋ, 25. ಹದಿನೈದು ನಿಮಿಷ ಸುಮ್ನೆ ಕೂತುಕೊಂಡು ಫ್ಯಾನ್ ಒಂದು ಸ್ಪೀಡಿಗೆ ನಿಲ್ಲೋವರೆಗೆ ಕಾಯಿರಿ. ಈಗ ದಸ್ತಿಯನ್ನು (ಕರವಸ್ತ್ರ) ನಾಲ್ಕು ಮಡಿಕೆ ಮಾಡಿ ಗುಬುಟಿನ ಮೇಲಿಡಿ. ತಕ್ಷಣ ಏನೂ ಆಗಲ್ಲ, ಗಾಬರಿ ಬೇಡ. ದಾರಿಯಲ್ಲಿ ಬೇವಿನ ಮರದ ನೆರಳು ಬಿದ್ದಾಗಲೆಲ್ಲ ಫ್ಯಾನ್ ಕುಣಿಯಬಾರದು ಅಂತ ಬೇಕಂತಲೇ ನಿಧಾನ ಇಟ್ಟಿರುತ್ತಾರೆ. ಎರಡು ಮೂರು ನಿಮಿಷದಲ್ಲಿ ಫ್ಯಾನ್ ಸದ್ದು ಒಂದು ಗೆರೆ ಇಳಿಯಬೇಕು ಅಥವಾ ಗಾಳಿ ಸ್ವಲ್ಪ ಬೆಚ್ಚಗಾಗಬೇಕು, ದಸ್ತಿ ತೆಗೆದರೆ ವಾಪಸ್ ಬರಬೇಕು. ಬಂದರೆ ಸೆನ್ಸರ್ ಬದುಕಿದೆ. ಸ್ಕ್ಯಾನರ್ ಸಿಕ್ಕರೆ ಇನ್ನೂ ಒಳ್ಳೇದು, ಅದೇ ಬಿಸಿಲಲ್ಲಿ ಲೈವ್ ಡೇಟಾ ನೋಡಿ. ನಡು ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಇರುತ್ತೆ, ಗಾಜು ದಾಟಿ ಬಂದಮೇಲೂ ನೂರಾರು ತೋರಿಸಬೇಕು. ಕೆಲವು ಕಾರಲ್ಲಿ ವೋಲ್ಟ್ ತೋರಿಸುತ್ತೆ. ಅದು ಎಷ್ಟು ಅನ್ನೋದಕ್ಕಿಂತ ದಸ್ತಿ ಇಟ್ಟಾಗ ಬದಲಾಗುತ್ತಾ ಅನ್ನೋದು ಮುಖ್ಯ. ಅಲ್ಲಾಡದೆ ಒಂದೇ ಕಡೆ ನಿಂತಿದ್ದರೆ ಮೊದಲು ಕನೆಕ್ಟರ್, ವೈರ್ ನೋಡಿ, ಆಮೇಲೆ ಸೆನ್ಸರ್ ಮೇಲೆ ಗುಮಾನಿ ಪಡಿ.

ನನ್ನ ಕಾರಲ್ಲಿ ಏನಾಗಿತ್ತು ಗೊತ್ತಾ? ಡ್ಯಾಶ್‌ಬೋರ್ಡ್ ಸೀಳಬಾರದು ಅಂತ ಬೇಸಿಗೆ ಶುರುವಲ್ಲಿ ನಾನೇ ಮಖಮಲ್ ಮ್ಯಾಟ್ ಹಾಸಿದ್ದೆ. ಗುಬುಟು ಅದರ ಕೆಳಗೆ ಮುಚ್ಚಿಹೋಗಿತ್ತು, ಮೇಲೆ ಗಾಣಗಾಪುರದಿಂದ ತಂದ ದತ್ತಾತ್ರೇಯ ಬೇರೆ. ಕಾರಿನ ಲೆಕ್ಕದಲ್ಲಿ ಮೇ ತಿಂಗಳ ಮಧ್ಯಾಹ್ನವೂ ರಾತ್ರಿಯೇ! ಮ್ಯಾಟಿನಲ್ಲಿ ಬ್ಲೇಡಿಂದ ರೂಪಾಯಿ ಅಗಲ ತೂತು ಮಾಡಿದೆ, ದತ್ತಾತ್ರೇಯನನ್ನು ಒಂದು ಗೇಣು ಎಡಕ್ಕೆ ಕೂರಿಸಿದೆ, ಅಷ್ಟೇ. ಎರಡೂ ಗ್ಯಾರೇಜಿನವರು ಆ ಮ್ಯಾಟ್ ಎತ್ತಿಯೂ ಹಾಕಿಯೂ ಅದನ್ನೇ ಗಮನಿಸಿರಲಿಲ್ಲ ಅನ್ನೋದು ಇವತ್ತಿಗೂ ಸಿಟ್ಟು ಬರುತ್ತೆ, ನಾನೂ ಗಮನಿಸಿರಲಿಲ್ಲ ಬಿಡಿ.

ಎಲ್ಲಾ ನೋಡಿಯೂ ಸೆನ್ಸರ್ರೇ ಹೋಗಿದೆ ಅಂತಾದರೆ ನೀವೇ ಬದಲಿಸಬಹುದು. ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಮೀಟಿದರೆ ಗುಬುಟು ಮೇಲೆ ಬರುತ್ತೆ. ಕನೆಕ್ಟರ್ ಬಿಚ್ಚುವ ಮುಂಚೆ ವೈರಿಗೆ ಒಂದು ದಾರ ಕಟ್ಟಿ ಸ್ಟೇರಿಂಗಿಗೆ ಸುತ್ತಿಡಿ. ಅದು ಜಾರಿ ಒಳಗೆ ಬಿತ್ತು ಅಂದ್ರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತೆ.