ಹದಿನೇಳು ವೋಟಿನ ಲೆಕ್ಕ

ಅಕ್ಕಾರಿಗೆ ನಮಸ್ಕಾರ.

ಹಿರೇಕೆರೂರು ತಾಲ್ಲೂಕಿನಿಂದ ನೀವು ಬರೆದ ಆರು ಪುಟದ ಪತ್ರ ಮುಟ್ಟಿತು. ಹೆಸರು, ಊರು ಹಾಕಬೇಡಿರಿ ಅಂದಿದ್ದೀರಿ, ಹಾಕಿಲ್ಲ. ಎರಡೂ ಪಕ್ಷಗಳ ಹೆಸರನ್ನು ನಾನೇ ತೆಗೆದಿದ್ದೇನೆ. ಅವಿದ್ದರೆ ಓದುವವರು ಮೊದಲ ಸಾಲಿಗೇ ತಪ್ಪು ಯಾರದೆಂದು ಗೆರೆ ಎಳೆದುಬಿಡುತ್ತಾರೆ. ಪತ್ರ ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಉಳಿದ ಓದುಗರಿಗಾಗಿ ಅದರ ಸಾರ ಹೇಳುತ್ತೇನೆ.

ನಿಮ್ಮ ಮನೆಗೂ ಬಾಜೂ ಮನೆಗೂ ನಡುವೆ ಒಂದೇ ಗೋಡೆ. ನೀವು ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಆ ಗೋಡೆಯ ಆಚೆಯಿಂದ ಈಚೆಗೆ ಪಲ್ಯ, ಸಾರು, ಹೆಪ್ಪಿನ ಮೊಸರು ಬಂದಿವೆ, ಹೋಗಿವೆ. ಗೋವಿನಜೋಳ ಮುರಿಯುವ ಕಾಲಕ್ಕೆ ಅವರ ಹೊಲಕ್ಕೆ ನೀವು, ನಿಮ್ಮ ಹೊಲಕ್ಕೆ ಅವರು ಮುಯ್ಯಾಳಾಗಿ ದುಡಿದಿದ್ದೀರಿ. ನಿಮ್ಮ ಮಗಳು ಕೂಸಿದ್ದಾಗ ಎಣ್ಣೆ ತಿಕ್ಕಿ ಎರೆದವರು ಬಾಜೂ ಮನೆಯ ಆಯಿ. 2023ರ ಮೇ 13ರಂದು ವಿಧಾನಸಭೆಯ ಫಲಿತಾಂಶ ಬಂದ ಮಧ್ಯಾಹ್ನ ಅವರ ಮಗ ನಿಮ್ಮ ಬಾಗಿಲಿಗೆ ನೇರ ಪಟಾಕಿ ಸರ ಹಚ್ಚಿದ. ಹಾಸಿಗೆ ಹಿಡಿದಿದ್ದ ನಿಮ್ಮ ಅತ್ತೆ ಹೆದರಿ ನಡುಗಿದರು. ಅಲ್ಲಿಗೆ ಮಾತು ನಿಂತಿತು. ಆಮೇಲೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಚುಚ್ಚಿದ್ದಾಯಿತು. ಅವರ ಮಗಳ ಕುಬಸಕ್ಕೆ ಓಣಿಗೆಲ್ಲ ಹೇಳಿ ನಿಮ್ಮ ಹೊಸ್ತಿಲು ದಾಟಿ ಮುಂದೆ ಹೋದದ್ದಾಯಿತು. ಮೂರು ಪಂಚಮಿ ಕಳೆದರೂ ಉಂಡಿ ಕೊಟ್ಟು ತಗೊಂಡದ್ದಿಲ್ಲ. ಆ ವರ್ಷದ ಯುಗಾದಿಗೆ ಅವರು ಹೋಳಿಗೆ ಹಾಕಿ ಕಳಿಸಿದ್ದ ಸ್ಟೀಲ್ ಡಬ್ಬಿ ಇನ್ನೂ ನಿಮ್ಮ ಅಡುಗೆಮನೆಯ ಮಾಡದಲ್ಲೇ ಕೂತಿದೆ.

ನಿಮ್ಮ ಪ್ರಶ್ನೆ ಇದು: "ನಾನ ಮೊದಲ ಹೋಗಿ ಮಾತಾಡಸಲೇನ್ರಿ? ನೀ ಹೋದರ ನಮ್ಮ ಪಾರ್ಟಿ ಅವರ ಕಾಲಿಗೆ ಬಿದ್ದಂಗ ಅಂತಾರ ನಮ್ಮನಿಯವರು. ಮುಂದ ಪಂಚಾಯ್ತಿ ಇಲೆಕ್ಷನ್ ಬಂದರ ಇನ್ನ ಏನೇನ ಆಗತೈತೋ ಅಂತ ನನಗ ಅಂಜಿಕಿ."

ಅಕ್ಕಾರ, ಪತ್ರವನ್ನು ನಾನು ಮೂರು ಸಲ ಓದಿದೆ. ಮೂರನೆಯ ಸಲ ಓದುವಾಗ ಕಣ್ಣು ನಿಂತದ್ದು ಪಟಾಕಿಯ ಮೇಲಲ್ಲ. ಕೊನೆಯ ಪುಟದಲ್ಲಿ ಸಹಿ ಮಾಡಿದ ಮೇಲೆ, ಕಾಗದದ ಅಂಚಿಗೆ, ಸಣ್ಣ ಅಕ್ಷರದಲ್ಲಿ ನೀವು ಒಂದು ಮಾತು ಸೇರಿಸಿದ್ದೀರಿ: "ಆವತ್ತ ಸಂಜೀಮುಂದ ಕಟ್ಟೀ ಮ್ಯಾಲೆ ನಮ್ಮನಿಯವರೂ ಸಿಟ್ಟಿನಾಗ ಅಂದರು. ಬೂತಿನಾಗ ಹದಿನೇಳು ವೋಟು ಕಡಿಮಿ ಬಿದ್ದಾವು, ನಮ್ಮ ಬೋರಿನ ನೀರ ಕುಡದು ನಮಗ ಎರಡು ಬಗದರು ಅಂತ. ಮರುದಿನಾನ ಬಾಜೂ ಮನಿಯವರು ಪೈಪ್ ಕಿತ್ತರು."

ಆರು ಪುಟದ ದುಃಖವೆಲ್ಲ ಆ ಅಂಚಿನಲ್ಲಿದೆ ಎಂದು ನನಗೆ ಅನಿಸುತ್ತದೆ. ನೀವು ಅದನ್ನು ಬಿಡದೆ ಬರೆದದ್ದಕ್ಕೆ ನಿಮ್ಮ ಮೇಲೆ ಗೌರವ ಹೆಚ್ಚಾಯಿತು.

ಮೊದಲು ಹದಿನೇಳರ ಲೆಕ್ಕ ನೋಡೋಣ. ನಿಮ್ಮ ಯಜಮಾನರು ಬೂತ್ ಏಜೆಂಟರು. ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಇವು ನಮ್ಮವು, ಇವು ಅವರವು ಎಂದು ಗುರುತು ಹಾಕಿಕೊಂಡಿದ್ದಾರೆ. ಕೆಲವರಿಂದ ದೇವರ ಭಂಡಾರ ಮುಟ್ಟಿಸಿ ಮಾತು ತಗೊಂಡಿದ್ದೂ ಉಂಟು ಎಂದಿದ್ದೀರಿ. ನಿಮ್ಮ ತಾಲ್ಲೂಕಿನಲ್ಲಿ ಈ ಹಪಾಹಪಿ ಯಾಕೆ ಎಂದು ನನಗೆ ಗೊತ್ತು. 2018ರಲ್ಲಿ ಅಲ್ಲಿ ಸೋಲು ಗೆಲುವಿನ ಅಂತರ ಬರೀ 555 ಮತ. ಅಷ್ಟು ಹತ್ತಿರದ ಚುನಾವಣೆ ಕಂಡ ಮೇಲೆ ಪ್ರತಿ ಓಣಿಯ ಏಜೆಂಟನಿಗೂ ಒಂದೊಂದು ವೋಟಿಗೆ ಒಂದೊಂದು ಹೆಸರು ಹಚ್ಚುವ ಚಟ ಹತ್ತಿತು. ಬಾಜೂ ಮನೆಯಲ್ಲಿರುವುದು ಐದು ವೋಟು. ಕಡಿಮೆಯಾದದ್ದು ಹದಿನೇಳು. ಉಳಿದ ಹನ್ನೆರಡು ಯಾರ ಮನೆಯವು? ಅವರಿಗೆ ಯಾರೂ ಏನೂ ಅನ್ನಲಿಲ್ಲ. ಗೋಡೆಗೆ ಹತ್ತಿಕೊಂಡಿದ್ದವರು ಕೈಗೆ ಸಿಕ್ಕರು, ಅಷ್ಟೇ. ಆ ಐದೂ ಎಲ್ಲಿ ಬಿದ್ದವೆಂದು ನಿಮ್ಮ ಯಜಮಾನರಿಗೆ ಗೊತ್ತಿಲ್ಲ, ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪಟಾಕಿ ಹಚ್ಚಿದ ಹುಡುಗನದೊಂದನ್ನು ಬೇಕಾದರೆ ಊಹಿಸಬಹುದು. ಅವನ ಅವ್ವನದು? ಆಯಿಯದು?

ಯಾರು ಯಾರಿಗೆ ಮತ ಹಾಕಿದರೆಂದು ಕೇಳುವ ಹಕ್ಕು ಈ ದೇಶದಲ್ಲಿ ಯಾರಿಗೂ ಇಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಂ ಇದನ್ನು ಒಂದೇ ವಾಕ್ಯದಲ್ಲಿ ಹೇಳಿದೆ: ಯಾವ ಸಾಕ್ಷಿಯೂ, ಬೇರೆ ಯಾವ ವ್ಯಕ್ತಿಯೂ ತಾನು ಯಾರಿಗೆ ಮತ ಹಾಕಿದೆನೆಂದು ಹೇಳಬೇಕಾಗಿಲ್ಲ. ಕೋರ್ಟಿನ ಕಟಕಟೆಯಲ್ಲಿ ನಿಂತವನಿಗೇ ಈ ರಕ್ಷಣೆ ಇದೆ. ಕಟ್ಟೆಯ ಮೇಲೆ ಕೂತ ಪಂಚರಿಗೆ ಅದನ್ನು ಕೇಳುವ ಅಧಿಕಾರ ಎಲ್ಲಿಂದ ಬಂತು? ನಿಮ್ಮ ವೋಟು ಯಾರಿಗೆ ಎಂದು ನಾನು ಕೇಳುವುದಿಲ್ಲ, ಅಕ್ಕಾರ. ನಿಮ್ಮ ಯಜಮಾನರೂ ಕೇಳುವಂತಿಲ್ಲ.

ಆದರೆ ಕಾಯ್ದೆ ಮುಚ್ಚಿಟ್ಟದ್ದನ್ನು ಎಣಿಕೆಯ ಪದ್ಧತಿ ಅರ್ಧ ತೆರೆದಿಟ್ಟಿದೆ. ಇದನ್ನು ಎಲ್ಲ ಓದುಗರೂ ತಿಳಿದಿರಬೇಕು. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಬೂತುಗಳ ಚೀಟಿಗಳನ್ನು ಕಲಸಿ ಎಣಿಸುವ ಅವಕಾಶವಿತ್ತು. ಈಗ ಒಂದೊಂದು ಯಂತ್ರವನ್ನೂ ಬೇರೆಯಾಗಿ ಎಣಿಸುತ್ತಾರೆ. ಹೀಗಾಗಿ ಒಂದು ಸಾವಿರದಷ್ಟು ಜನ ಮತ ಹಾಕುವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತೆಂಬುದು ಎಣಿಕೆಯ ಟೇಬಲ್ಲಿನ ಮುಂದೆ ಕೂತ ಏಜೆಂಟನಿಗೆ ಆಗಲೇ ತಿಳಿಯುತ್ತದೆ, ಸಂಜೆಯೊಳಗೆ ಊರು ಮುಟ್ಟುತ್ತದೆ. ಹಳ್ಳಿಯ ಒಂದು ಬೂತು ಅಂದರೆ ಎರಡು ಮೂರು ಓಣಿ. ಈ ಅಪಾಯ ಕಂಡೇ ಚುನಾವಣಾ ಆಯೋಗ 2008ರಲ್ಲಿ ಟೋಟಲೈಸರ್ ಎಂಬ ಸಾಧನದ ಪ್ರಸ್ತಾವ ಮಾಡಿತು. 14 ಯಂತ್ರಗಳ ಮತವನ್ನು ಕೂಡಿಸಿ ಒಟ್ಟಾಗಿ ತೋರಿಸುವ ಸಾಧನ ಅದು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಅದು ಬಂದಿದ್ದರೆ ನಿಮ್ಮ ಕಟ್ಟೆಯ ಮೇಲೆ ಆ ಸಂಜೆ ಹದಿನೇಳು ಎಂಬ ಅಂಕಿಯೇ ಹುಟ್ಟುತ್ತಿರಲಿಲ್ಲ. ನಾನು ಇದನ್ನು ಸಣ್ಣ ವಿಷಯವೆಂದು ತಿಳಿದಿಲ್ಲ.

ಇನ್ನು ನೀರಿನ ಮಾತು. ಲೆಕ್ಕ ತಪ್ಪಿದ್ದಕ್ಕಿಂತ ನನಗೆ ಹೆಚ್ಚು ನೋವಾದದ್ದು ಇದಕ್ಕೆ. ವರ್ಷಗಳಿಂದ ನಿಮ್ಮ ಬೋರಿನಿಂದ ಅವರ ಹೊಲಕ್ಕೆ ಎರಡು ಪಾಳಿ ನೀರು ಹೋಗುತ್ತಿತ್ತು. ಅದಕ್ಕೆ ಬಾಡಿಗೆ ಇರಲಿಲ್ಲ, ಕರಾರು ಇರಲಿಲ್ಲ. ಒಂದು ಸಂಜೆ ಹತ್ತು ಮಂದಿಯ ಎದುರು ಅದರ ಬೆಲೆ ಐದು ವೋಟು ಎಂದು ಆದಾಗ, ಹಿಂದೆ ಕೊಟ್ಟ ಅಷ್ಟೂ ನೀರು ಸಾಲವಾಗಿಬಿಟ್ಟಿತು. ಅವರು ಪೈಪು ಕಿತ್ತದ್ದು ಸೊಕ್ಕಿನಿಂದ ಎಂದು ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅವರ ಜೋಳ ಮೊಣಕಾಲೆತ್ತರಕ್ಕೆ ಒಣಗಿತೆಂದು ನೀವೇ ಬರೆದಿದ್ದೀರಿ. ಬದುವಿನ ಈಚೆ ನೀರು ಹರಿಯುತ್ತಿರುವಾಗ ಆಚೆ ನಿಂತು ಬೆಳೆ ಒಣಗುವುದನ್ನು ನೋಡಿದ ರೈತನ ಹೊಟ್ಟೆಯೊಳಗೆ ಏನಿತ್ತೆಂದು ಯೋಚಿಸಿ. ಕುಬಸಕ್ಕೆ ಕರೆಯದೆ ಹೋದದ್ದು ಅದಾದ ಮೇಲೆ.

ಹುಡುಗ ಪಟಾಕಿ ಹಚ್ಚಿದ್ದು ತಪ್ಪು. ರೋಗಿ ಮಲಗಿದ ಮನೆಯೆಂದು ಗೊತ್ತಿದ್ದೂ ಹಚ್ಚಿದ್ದರೆ ದೊಡ್ಡ ತಪ್ಪು. ಅದನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೂ ಎರಡನ್ನೂ ತಕ್ಕಡಿಗೆ ಹಾಕಲು ನನ್ನಿಂದ ಆಗದು. ಒಂದು ಗೆದ್ದ ಅಮಲಿನಲ್ಲಿ ಎಳೆ ಹುಡುಗ ಮಾಡಿದ್ದು. ಇನ್ನೊಂದು, ಮನೆಯ ಹಿರಿಯರು ಊರ ಮುಂದೆ ಆಡಿದ್ದು.

ನಾಯಕರ ಸಲುವಾಗಿ ಇಷ್ಟೆಲ್ಲ ಆಯಿತಲ್ಲ, ಆ ನಾಯಕರನ್ನೇ ನೋಡಿ. 2018ರಲ್ಲಿ ನಿಮ್ಮಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರು ಬಿಜೆಪಿಯ ಯು.ಬಿ. ಬಣಕಾರರನ್ನು ಸೋಲಿಸಿದರು. 2019ರಲ್ಲಿ ಪಾಟೀಲರು ಬಿಜೆಪಿಗೆ ಬಂದು ಉಪಚುನಾವಣೆ ಗೆದ್ದರು, ಮಂತ್ರಿಯಾದರು. ನಡುವೆ ಇಬ್ಬರೂ ಒಂದೇ ಪಕ್ಷದಲ್ಲಿದ್ದರು. 2023ರಲ್ಲಿ ಬಣಕಾರರು ಕಾಂಗ್ರೆಸ್ಸಿನಿಂದ ನಿಂತು ಪಾಟೀಲರನ್ನು ಸೋಲಿಸಿದರು. ಅದೇ ಇಬ್ಬರು, ಐದು ವರ್ಷದಲ್ಲಿ ಬಾವುಟ ಅದಲು ಬದಲು. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ, ಪಕ್ಷ ಬದಲಿಸುವುದು ಅವರವರ ನಿರ್ಧಾರ. ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಎದುರಾದರೆ ಅವರು ಕೈಮುಗಿದು ಮಾತಾಡುತ್ತಾರೆ. ನಿಮ್ಮಿಬ್ಬರ ನಡುವಿನ ಗೋಡೆಗೆ ಆ ಸ್ವಾತಂತ್ರ್ಯ ಯಾಕಿಲ್ಲ?

ಇದನ್ನು ಹೇಳುವ ನಾನೂ ಹುಬ್ಬಳ್ಳಿಯಲ್ಲಿ ಒಬ್ಬರನ್ನು ಕಳೆದುಕೊಂಡಿದ್ದೆ. ಈ ಪತ್ರಿಕೆಯ ಪ್ರೂಫ್ ನೋಡುತ್ತಿದ್ದ ನಿವೃತ್ತ ಮಾಸ್ತರರು ಅವರು. 2023ರ ಏಪ್ರಿಲ್‌ನಲ್ಲಿ ಜಗದೀಶ ಶೆಟ್ಟರ್ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದಾಗ ಇಡೀ ಊರು ಎರಡಾಗಿ ಮಾತಾಡುತ್ತಿತ್ತು. ದುರ್ಗದ ಬೈಲಿನಲ್ಲಿ ಗಿರಮಿಟ್ಟು ತಿನ್ನುವವರೂ ಬೇರೆ ಬೇರೆ ನಿಲ್ಲುತ್ತಿದ್ದರು. ಒಂದು ದಿನ ಪ್ರೆಸ್ಸಿನ ಹುಡುಗರ ಎದುರು ನಾನು ಅವರಿಗೆ, "ಮಾಸ್ತರ, ಇಷ್ಟ ವರ್ಷ ಸಾಲಿ ಕಲಿಸಿ ನಿಮಗ ಇಷ್ಟೂ ತಿಳಿಯೂದಿಲ್ಲೇನ್ರಿ?" ಅಂದುಬಿಟ್ಟೆ. ಅವರು ಪೆನ್ನಿನ ಮುಚ್ಚಳ ಹಾಕಿ ಎದ್ದು ಹೋದರು. ಮತ್ತೆ ಬರಲಿಲ್ಲ. ಮೇ ತಿಂಗಳಲ್ಲಿ ಶೆಟ್ಟರ್ ಸೋತರು. ಮಳೆಗಾಲದಲ್ಲಿ ಮಾಸ್ತರರ ತಾಯಿ ತೀರಿಕೊಂಡರು. ನನಗೆ ತಿಳಿದದ್ದು ಮರುದಿನ, ಬೇರೆಯವರಿಂದ. ಎಷ್ಟೋ ಸಲ ನನಗೆ ಉಣ್ಣಲಿಕ್ಕೆ ಹಾಕಿದ ತಾಯಿಯ ಮಣ್ಣಿಗೆ ನಾನು ಹೋಗಲಿಲ್ಲ. ಮೂರನೆಯ ದಿನ ಹೋಗಿ ಕೂತಾಗ ಮಾಸ್ತರರು ಅಂದರು: "ಬರತೀರೋ ಇಲ್ಲೋ ಅಂತ ಹೇಳಿ ಕಳಸಲಿಲ್ರಿ." ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ. 2024ರ ಜನವರಿಯಲ್ಲಿ ಶೆಟ್ಟರ್ ಬಿಜೆಪಿಗೆ ಮರಳಿದರು, ಅದೇ ವರ್ಷ ಬೆಳಗಾವಿಯಿಂದ ಲೋಕಸಭೆಗೆ ಆಯ್ಕೆಯಾದರು. ಮಾಸ್ತರರು ಪ್ರೂಫ್ ನೋಡಲು ಮರಳಿದ್ದು ಅದಕ್ಕಿಂತ ಎಷ್ಟೋ ತಡವಾಗಿ.

ರಾಜಕೀಯ ಮಾತಾಡಲೇಬೇಡಿರೆಂದು ಹೇಳುವವನು ನಾನಲ್ಲ. ಜೋಳದ ದರ, ಬೆಳೆವಿಮೆ, ಬೋರಿಗೆ ಏಳು ತಾಸು ಕರೆಂಟು, ಇವೆಲ್ಲ ರಾಜಕೀಯವೇ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಬೀದಿಗಿಳಿದದ್ದು ಇಂಥ ಹೊಟ್ಟೆಪಾಡಿನ ಮಾತಿಗೇ. ವಾದ ಮಾಡಿ, ಜೋರಾಗಿಯೇ ಮಾಡಿ. ವಾದ ನೀತಿಯ ಮೇಲಿರಲಿ, ನೀರಿನ ಋಣದ ಮೇಲೆ ಬೇಡ. ಪಂಚಾಯ್ತಿ ಚುನಾವಣೆಗೆ ಅಂಜಿದ್ದೀರಿ. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆಯ ಮೇಲೆ ನಿಲ್ಲುವಂತಿಲ್ಲ. ಇದು ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ ನಿಯಮ. ಒಳಗೊಳಗೆ ಎಲ್ಲರಿಗೂ ಯಾರು ಯಾವ ಪಕ್ಷವೆಂದು ಗೊತ್ತಿರುತ್ತದೆ, ನಿಜ. ಈ ಸಲ ನಿಮ್ಮ ಯಜಮಾನರು ಪಟ್ಟಿಯಲ್ಲಿ ಹೆಸರಿನ ಮುಂದೆ ಗುರುತು ಹಾಕುವುದನ್ನೂ, ಭಂಡಾರ ಮುಟ್ಟಿಸುವುದನ್ನೂ ಬಿಡಲಿ. ಇಷ್ಟನ್ನು ನೀವು ಅವರಿಂದ ಕೇಳಬಹುದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೌದು, ಹೋಗಿ. ಬನ್ನಿ ಹಬ್ಬದ ದಿನ ಹೋಗುತ್ತೇನೆ ಎಂದು ಬರೆದಿದ್ದೀರಿ, ಅಲ್ಲಿಯವರೆಗೆ ಕಾಯಬೇಡಿ. ಆವತ್ತು ಓಣಿಯವರೆಲ್ಲ ಎಲ್ಲರಿಗೂ ಬನ್ನಿ ಕೊಡುತ್ತಾರೆ, ಬಂಗಾರದಂಗ ಇರೋಣು ಅನ್ನುತ್ತಾರೆ. ಆ ಗದ್ದಲದಲ್ಲಿ ನೀವೂ ಕೊಡುತ್ತೀರಿ, ಅವರೂ ತಗೊಳ್ಳುತ್ತಾರೆ, ಕಟ್ಟೆಯ ಮಾತು ಮಾತ್ರ ಇದ್ದಲ್ಲೇ ಇರುತ್ತದೆ. ಹಬ್ಬವಿಲ್ಲದ ದಿನ ಹೋಗಿ. ಗಂಡಸರು ಹೊಲಕ್ಕೆ ಹೋದ ಹೊತ್ತಿಗೆ, ಆಯಿಯನ್ನು ನೋಡಲಿಕ್ಕೆಂದೇ ಹೋಗಿ. ಆಯಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಗೋಡೆಯಾಚೆಯಿಂದ ನಿಮ್ಮ ಮಗಳ ಹೆಸರು ಹಿಡಿದು ಕೇಳುತ್ತಿರುತ್ತಾರೆ ಎಂದು ಬರೆದಿದ್ದೀರಲ್ಲ. ಅವರು ಇರುವಾಗಲೇ ಹೋಗಿ.

ಹೋದಾಗ ಪಟಾಕಿಯ ಸುದ್ದಿ ತೆಗೆಯಬೇಡಿ. ಪಕ್ಷದ ಸುದ್ದಿಯೂ ಬೇಡ. "ಆವತ್ತ ನೀರಿನ ಮಾತು ಅಂದದ್ದು ತಪ್ಪಾತು" ಎಂದಷ್ಟೇ ಹೇಳಿ. ಅದು ನಿಮ್ಮ ಬಾಯಿಂದ ಬಂದದ್ದಲ್ಲ, ಆದರೂ ಹೇಳಿ. ಯಜಮಾನರ ಪರವಾಗಿ ಕ್ಷಮೆ ಕೇಳಬೇಡಿ. ಅದು ಅವರೇ ಕೇಳಬೇಕಾದದ್ದು, ಮಾತು ಆಡಿದ ಅದೇ ಕಟ್ಟೆಯ ಮೇಲೆ. ಅವರು ಈ ಪುಟ ಓದುತ್ತಾರೆಂದು ನಂಬಿ ನೇರವಾಗಿ ಹೇಳುತ್ತೇನೆ: ಯಜಮಾನರ, ನೀವು ಹೋದರೆ ಯಾವ ಪಾರ್ಟಿಯೂ ಯಾರ ಕಾಲಿಗೂ ಬೀಳುವುದಿಲ್ಲ. ಪೈಪು ಮತ್ತೆ ಜೋಡಿಸುವ ಮಾತನ್ನು ಮೊದಲು ನೀವು ಎತ್ತಬೇಕು. ಬೇಡ ಅಂದರೆ ಒತ್ತಾಯ ಮಾಡಬೇಡಿ, ಮುಂದಿನ ಬೇಸಿಗೆಗೆ ಇನ್ನೊಮ್ಮೆ ಕೇಳಿ.

ಅಕ್ಕಾರ, ಬಾಜೂ ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಬಹುದು, ಮುಖ ತಿರುಗಿಸಲೂಬಹುದು. ಎರಡು ವರ್ಷ ದಾಟಿದ ಸಿಟ್ಟು ಒಂದು ಮಧ್ಯಾಹ್ನದಲ್ಲಿ ಇಳಿಯುವುದಿಲ್ಲ. ಆಯಿಯ ಹತ್ತಿರ ಹತ್ತು ನಿಮಿಷ ಕೂತು ಬನ್ನಿ. ಮಾಡದಲ್ಲಿರುವ ಆ ಡಬ್ಬಿಯನ್ನೂ ಒಯ್ಯಿರಿ. ಖಾಲಿ ಡಬ್ಬಿ ತಿರುಗಿ ಕೊಡಬಾರದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೇರೇನೂ ಆಗದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿ ಒಯ್ಯಿರಿ.

ನಿಮ್ಮ,
ಸಂಪಾದಕ